ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ಓಡದ ವಿದ್ಯುತ್ ಸೈಕಲ್ಲಿನ ದೋಷ ಹುಡುಕುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯ ಅರ್ಥ ಚೆನ್ನಾಗಿ ಮನದಟ್ಟಾಗಬೇಕಾದರೆ ಕೆಟ್ಟು ನಿಂತ ಒಂದು ವಿದ್ಯುತ್ ಸೈಕಲ್ಲಿನ ಸುತ್ತ ನೆರೆದವರ ಮಾತು ಕೇಳಬೇಕು. ಕೀಲಿ ತಿರುಗಿಸಿದರೆ ದೀಪ ಹತ್ತುತ್ತದೆ. ಆಕ್ಸಿಲರೇಟರ್ ತಿರುವಿದರೆ ಚಕ್ರ ಅಲುಗುವುದಿಲ್ಲ. 'ಬ್ಯಾಟರಿ ಸತ್ತಿದೆ' ಎನ್ನುತ್ತಾನೆ ಒಬ್ಬ. 'ಮೋಟಾರು ಸುಟ್ಟಿರಬೇಕು' ಎನ್ನುತ್ತಾನೆ ಇನ್ನೊಬ್ಬ. 'ಕಂಟ್ರೋಲರ್ ಹೋಗಿದೆ, ಹೊಸದು ಹಾಕಿಸಿಬಿಡಿ' ಎಂದು ಮೂರನೆಯವನು ತೀರ್ಪು ಕೊಡುತ್ತಾನೆ. ಮೂವರಲ್ಲಿ ಒಬ್ಬರೂ ಏನನ್ನೂ ಅಳೆದು ನೋಡಿರುವುದಿಲ್ಲ. ಹೊಸ ಕಂಟ್ರೋಲರ್ ಬರುತ್ತದೆ, ಚಕ್ರ ತಿರುಗುವುದಿಲ್ಲ. ಹೊಸ ಥ್ರಾಟಲ್ ಬರುತ್ತದೆ, ಆಗಲೂ ಇಲ್ಲ. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ, ಬ್ರೇಕ್ ಹಿಡಿಯೊಳಗಿನ ಬೆರಳ ತುದಿಯಷ್ಟು ದೊಡ್ಡ ಸ್ವಿಚ್ಚೊಂದು ಅಂಟಿಕೊಂಡಿತ್ತೆಂದು ತಿಳಿಯುತ್ತದೆ.

ಐ.ಟಿ.ಐ., ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯುತ್ ಸೈಕಲ್ಲು ಇಂದು ಅಚ್ಚುಮೆಚ್ಚಿನ ಪ್ರಾಜೆಕ್ಟು. ಮೋಟಾರು, ಕಂಟ್ರೋಲರ್, ಥ್ರಾಟಲ್ ಎಲ್ಲವೂ ಸೇರಿದ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಬಂಡಿ ಓಡುತ್ತದೆ. ಓಡಿದಾಗ ಕಲಿಯುವುದು ಕಡಿಮೆ. ನಿಂತಾಗಲೇ ಕಲಿಕೆ ಶುರು. ಆ ಗಳಿಗೆಯಲ್ಲಿ ವಿದ್ಯಾರ್ಥಿಗೆ ಎರಡು ದಾರಿಗಳಿವೆ. ಒಂದು, ಊಹಿಸಿ ಭಾಗ ಬದಲಿಸುವುದು. ಇನ್ನೊಂದು, ಅಳೆದು ದೋಷ ಹುಡುಕುವುದು. ಮೊದಲನೆಯದರಲ್ಲಿ ತಂದೆತಾಯಿಯರ ಹಣ ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಪ್ಪು ರಿಪೇರಿಯಾದ ಥ್ರಾಟಲ್ ಜೀವಕ್ಕೂ ಕುತ್ತು ತರಬಲ್ಲದು.

ಯಾರು ಯಾರಿಗೆ ಹೇಳುತ್ತಾರೆ?

ದೋಷ ಹುಡುಕುವ ಮೊದಲು ದೋಷವಿಲ್ಲದ ಬಂಡಿ ಹೇಗೆ ಓಡುತ್ತದೆಂದು ತಿಳಿಯಬೇಕು. ಸಾಮಾನ್ಯವಾಗಿ ಸಿಗುವ 48 ವೋಲ್ಟಿನ ಸೈಕಲ್ಲನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಮುಖ್ಯ ಅಂಗಗಳು ನಾಲ್ಕು: ಬ್ಯಾಟರಿ, ಥ್ರಾಟಲ್, ಕಂಟ್ರೋಲರ್ ಮತ್ತು ಚಕ್ರದ ಗುಂಬದೊಳಗೇ ಕುಳಿತಿರುವ ಹಬ್ ಮೋಟಾರು. ಬ್ಯಾಟರಿ ಅನ್ನ ಹಾಕುತ್ತದೆ. ಥ್ರಾಟಲ್ ಸವಾರನ ಅಪ್ಪಣೆಯನ್ನು ಮುಟ್ಟಿಸುತ್ತದೆ. ಕಂಟ್ರೋಲರ್ ಆ ಅಪ್ಪಣೆ ಓದಿ ಎಷ್ಟು ಬಡಿಸಬೇಕೆಂದು ತೀರ್ಮಾನಿಸುತ್ತದೆ. ದುಡಿಯುವುದು ಮೋಟಾರು.

ಥ್ರಾಟಲಿನ ಮೂಲಕ ಮೋಟಾರಿನ ವಿದ್ಯುತ್ತು ಹರಿಯುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಅಲ್ಲಿಂದ ಬರುವುದು ಬರಿಯ ಸಂದೇಶ. ಹಿಡಿಯೊಳಗೆ ಒಂದು ಪುಟ್ಟ ಕಾಂತವೂ ಅದರ ಎದುರು ಒಂದು ಹಾಲ್ ಸಂವೇದಕವೂ ಇರುತ್ತವೆ. ಹಿಡಿ ತಿರುವಿದಂತೆ ಕಾಂತ ಸರಿಯುತ್ತದೆ, ಸಂವೇದಕದ ಮೇಲಿನ ಕಾಂತಕ್ಷೇತ್ರ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಹೊರಬರುವ ವೋಲ್ಟೇಜು ಏರಿಳಿಯುತ್ತದೆ. ಇದಕ್ಕೆ ಆಧಾರವಾದ ವಿದ್ಯಮಾನವನ್ನು ಅಮೆರಿಕದ ಎಡ್ವಿನ್ ಹಾಲ್ ಎಂಬಾತ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, 1879ರಲ್ಲಿ, ತೆಳುವಾದ ಚಿನ್ನದ ಹಾಳೆಯಲ್ಲಿ ಕಂಡುಹಿಡಿದ. ಆಗ ಎಲೆಕ್ಟ್ರಾನ್ ಇನ್ನೂ ಪತ್ತೆಯಾಗಿರಲಿಲ್ಲ. ಅದು ತಿಳಿದುಬಂದದ್ದು 1897ರಲ್ಲಿ. ಕಣವೇ ಗೊತ್ತಿರದ ಕಾಲದಲ್ಲಿ ಅದರ ನಡೆಯನ್ನು ಅಳೆದ ವಿದ್ಯಾರ್ಥಿಯ ಶೋಧ ಇಂದು ಸೈಕಲ್ಲಿನ ಹಿಡಿಯಲ್ಲಿ ಕುಳಿತಿದೆ. ಒಂದಕ್ಕೊಂದು ಉಜ್ಜುವ ಭಾಗಗಳಿಲ್ಲದ್ದರಿಂದ ಇದು ಸವೆಯುವುದೂ ಕಡಿಮೆ.

ಈ ಥ್ರಾಟಲಿನಿಂದ ಹೊರಡುವ ತಂತಿಗಳು ಮೂರು. ಕೆಂಪು ತಂತಿಯಲ್ಲಿ ಕಂಟ್ರೋಲರ್ ಕಳಿಸುವ ಸುಮಾರು 5 ವೋಲ್ಟು. ಕಪ್ಪು ತಂತಿ ಋಣ ತುದಿ. ಹಸಿರು ಅಥವಾ ಬಿಳಿಯ ಮೂರನೆಯದು ಸಂದೇಶದ ತಂತಿ. ಹಿಡಿ ಬಿಟ್ಟಿದ್ದಾಗ ಈ ಸಂದೇಶ ಸೊನ್ನೆಯಾಗಿರುವುದಿಲ್ಲ, ಸುಮಾರು 0.8ರಿಂದ 1 ವೋಲ್ಟು ಇರುತ್ತದೆ. ಪೂರ್ತಿ ತಿರುವಿದಾಗ 3.5ರಿಂದ 4.2 ವೋಲ್ಟಿನವರೆಗೆ ಏರುತ್ತದೆ. ಸೊನ್ನೆಯಿಂದ ಐದರವರೆಗೂ ಏಕೆ ಬಳಸುವುದಿಲ್ಲ? ಇದರಲ್ಲೊಂದು ಜಾಣತನವಿದೆ. ತಂತಿ ತುಂಡಾದರೆ ಸಂದೇಶ ಸೊನ್ನೆಗೆ ಬೀಳಬಹುದು, ಒಂದಕ್ಕೊಂದು ತಗುಲಿದರೆ ಐದಕ್ಕೆ ಏರಬಹುದು. ಸರಿಯಾದ ಥ್ರಾಟಲ್ ಈ ಎರಡು ತುದಿಗಳನ್ನೂ ಎಂದೂ ಮುಟ್ಟದಿದ್ದರೆ, ಮುಟ್ಟಿದಾಗ ಏನೋ ಕೆಟ್ಟಿದೆಯೆಂದು ಕಂಟ್ರೋಲರ್ ಅರಿಯಬಹುದು.

ಮೊದಲು ಚಕ್ರ ಮೇಲೆತ್ತಿ

ಪರೀಕ್ಷೆಗೆ ಬೇಕಾದ ಮುಖ್ಯ ಸಲಕರಣೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕಿನ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಎಲ್ಲೆಡೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಮೀಟರು ಹಿಡಿಯುವ ಮೊದಲು ಪಾಲಿಸಬೇಕಾದ ಕೆಲವು ನಿಯಮಗಳಿವೆ.

ಮೋಟಾರಿರುವ ಚಕ್ರ ನೆಲಕ್ಕೆ ತಾಗದಂತೆ ಬಂಡಿಯನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ದೋಷ ಹುಡುಕುವಾಗ ಚಕ್ರ ಇದ್ದಕ್ಕಿದ್ದಂತೆ ಪೂರ್ಣ ವೇಗದಲ್ಲಿ ತಿರುಗಬಹುದು. ಉಂಗುರ, ಲೋಹದ ಕೈಗಡಿಯಾರ ತೆಗೆದಿಡಬೇಕು. 48 ವೋಲ್ಟು ಒಣಗಿದ ಕೈಗೆ ದೊಡ್ಡ ಆಘಾತ ಕೊಡದಿರಬಹುದು, ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿದ ಉಂಗುರ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ. ಮಲ್ಟಿಮೀಟರಿನ ಕೆಂಪು ಕಡ್ಡಿ '10 ಆಂಪಿಯರ್' ತೂತಿನಲ್ಲಿದ್ದಾಗ ಅದನ್ನು ಬ್ಯಾಟರಿಯ ತುದಿಗಳಿಗೆ ಮುಟ್ಟಿಸಿದರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ರೋಧ ಅಳೆಯುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿರಬೇಕು. ತಪ್ಪಿಸಿದ ಮೇಲೂ ಕಂಟ್ರೋಲರಿನ ಕೆಪ್ಯಾಸಿಟರುಗಳಲ್ಲಿ ಆವೇಶ ಉಳಿದಿರುತ್ತದೆ. ಅದು ಇಳಿದಿದೆಯೆಂದು ವೋಲ್ಟೇಜು ಅಳೆದು ಖಚಿತ ಮಾಡಿಕೊಂಡೇ ಮುಂದುವರಿಯಬೇಕು. ಬ್ಯಾಟರಿಯನ್ನು ಮತ್ತೆ ಜೋಡಿಸುವಾಗ ಕಾಣುವ ಕಿಡಿ ಅದೇ ಕೆಪ್ಯಾಸಿಟರುಗಳು ತುಂಬಿಕೊಳ್ಳುವ ಗುರುತು.

ದೀಪ ಹತ್ತುತ್ತದೆ, ಚಕ್ರ ತಿರುಗದು

ಇನ್ನು ಹುಡುಕಾಟ. ಸುಲಭವಾದದ್ದನ್ನು ಮೊದಲು ನೋಡುವುದು ಅನುಭವಿಗಳ ಕ್ರಮ. ಕನೆಕ್ಟರುಗಳೆಲ್ಲ ಪೂರ್ತಿ ಕೂತಿವೆಯೇ, ಯಾವುದಾದರೂ ಪಿನ್ನು ಹಿಂದಕ್ಕೆ ಸರಿದಿದೆಯೇ, ತಂತಿ ಎಲ್ಲಿಯಾದರೂ ಉಜ್ಜಿ ಬರಿದಾಗಿದೆಯೇ ಎಂದು ಕಣ್ಣಿನಲ್ಲೇ ನೋಡಬೇಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುವುದು ಸಾಮಾನ್ಯ. ಸುಟ್ಟ ವಾಸನೆ, ಕರಗಿದ ಪ್ಲಾಸ್ಟಿಕ್ಕು ಕಂಡರೆ ಅದೂ ಸಾಕ್ಷಿಯೇ. 20 ಆಂಪಿಯರ್ ಹರಿಯುವ ಜಾಗದಲ್ಲಿ ಬರಿಯ 0.1 ಓಮ್‌ನಷ್ಟು ಸಡಿಲ ಸಂಪರ್ಕದ ರೋಧವಿದ್ದರೆ ಅಲ್ಲಿ ಹುಟ್ಟುವ ಶಾಖ 20×20×0.1, ಅಂದರೆ 40 ವಾಟು. ರೇಡಿಯೋ ರಿಪೇರಿಯವರು ಬಳಸುವ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವಾಟಿನದು!

ಮುಂದಿನ ಸರದಿ ಬ್ಯಾಟರಿಯದು. ಇಲ್ಲಿ ಮೋಸಹೋಗುವವರು ಬಹಳ. ಮೀಟರು 48 ತೋರಿಸಿತು, ಆದ್ದರಿಂದ ಬ್ಯಾಟರಿ ಚೆನ್ನಾಗಿದೆ ಎಂದು ತೀರ್ಮಾನಿಸುತ್ತಾರೆ. ಕೆಲಸ ಮಾಡದೆ ಕುಳಿತವನ ಶಕ್ತಿ ಅಳೆದಂತೆ ಇದು. ಪ್ರತಿಯೊಂದು ಬ್ಯಾಟರಿಗೂ ಆಂತರಿಕ ರೋಧವಿರುತ್ತದೆ. ಬ್ಯಾಟರಿ ಮುದಿಯಾದಂತೆ ಅದು ಹೆಚ್ಚುತ್ತದೆ. ಆ ರೋಧ 0.5 ಓಮ್ ಇದ್ದು, ಮೋಟಾರು 15 ಆಂಪಿಯರ್ ಎಳೆದರೆ 7.5 ವೋಲ್ಟು ಒಳಗೇ ಕರಗಿಹೋಗುತ್ತದೆ. ಹೊರಗೆ ಉಳಿಯುವುದು 40.5 ವೋಲ್ಟು. ನಾಲ್ಕು ಸೀಸ-ಆಮ್ಲ ಬ್ಯಾಟರಿಗಳ ಬಂಡಿಗಳಲ್ಲಿ ವೋಲ್ಟೇಜು ಸುಮಾರು 42ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಉಳಿಸಲು ಕಂಟ್ರೋಲರ್ ತಾನಾಗಿ ಮೋಟಾರನ್ನು ನಿಲ್ಲಿಸುತ್ತದೆ. ನಿಂತೊಡನೆ ಪ್ರವಾಹ ಸೊನ್ನೆ, ವೋಲ್ಟೇಜು ಮತ್ತೆ 48! ಸವಾರನಿಗೆ ಕಾಣುವುದು ಇಷ್ಟೇ: ಏರಿನಲ್ಲಿ ಬಂಡಿ ಜಗ್ಗಿ ಜಗ್ಗಿ ನಿಲ್ಲುತ್ತದೆ, ಒಂದು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಅಪರಾಧ ಕಂಟ್ರೋಲರಿನ ತಲೆಗೆ ಕಟ್ಟಲಾಗುತ್ತದೆ. ಆದ್ದರಿಂದ ಬ್ಯಾಟರಿಯ ವೋಲ್ಟೇಜನ್ನು ಹೊರೆ ಇದ್ದಾಗ ಅಳೆಯಬೇಕು. ಪಿ.ಯು.ಸಿ. ಪುಸ್ತಕದ ಆಂತರಿಕ ರೋಧದ ಲೆಕ್ಕ ಪರೀಕ್ಷೆ ಮುಗಿದ ಮೇಲೆ ಮರೆಯಬಹುದಾದದ್ದೇನೂ ಅಲ್ಲ.

ಬ್ಯಾಟರಿ ಸರಿಯಿದ್ದರೆ ಬ್ರೇಕಿನ ಸ್ವಿಚ್ಚಿಗೆ ಬರಬೇಕು. ಬ್ರೇಕ್ ಹಿಡಿದಾಗ ಮೋಟಾರು ಎಳೆಯಬಾರದು. ಅದಕ್ಕಾಗಿ ಹಿಡಿಯೊಳಗಿನ ಸ್ವಿಚ್ಚು ಕಂಟ್ರೋಲರಿಗೆ ಸುದ್ದಿ ಕಳಿಸುತ್ತದೆ. ಧೂಳು, ತುಕ್ಕು, ಬಗ್ಗಿದ ಹಿಡಿಯಿಂದಾಗಿ ಈ ಸ್ವಿಚ್ಚು ಅಂಟಿಕೊಂಡರೆ, ಬ್ರೇಕ್ ಹಿಡಿದೇ ಇದೆಯೆಂದು ಕಂಟ್ರೋಲರ್ ನಂಬುತ್ತದೆ. ಆಗ ಥ್ರಾಟಲ್ ಎಷ್ಟು ತಿರುವಿದರೂ ಅದು ಕಿವಿಗೊಡುವುದಿಲ್ಲ. ಸ್ವಿಚ್ಚಿನ ಕನೆಕ್ಟರನ್ನು ಕಳಚಿ ನೋಡಿದಾಗ ಚಕ್ರ ತಿರುಗಿತೆಂದರೆ ಕಳ್ಳ ಸಿಕ್ಕಿದ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ: ಕನೆಕ್ಟರನ್ನು ಕಳಚಿದ ಹಾಗೆಯೇ ಬಿಟ್ಟು, ರಿಪೇರಿ ಆಯಿತೆಂದು ಬಂಡಿ ಏರುತ್ತಾರೆ. ಕಳಚುವುದು ಪರೀಕ್ಷೆ, ಚಿಕಿತ್ಸೆಯಲ್ಲ. ಆ ಸ್ವಿಚ್ಚಿನ ಬೆಲೆ ಎಷ್ಟೆಂಬುದು ಮುಂದೆ ತಿಳಿಯುತ್ತದೆ.

ಐದು ವೋಲ್ಟಿನ ಜಾಡು

ಈಗ ಕೀಲಿ ತಿರುಗಿಸಿ, ಮೀಟರನ್ನು 20 ವೋಲ್ಟು ಡಿ.ಸಿ.ಗೆ ಇಟ್ಟು, ಥ್ರಾಟಲ್ ಕನೆಕ್ಟರಿನ ಹಿಂಬದಿಯಿಂದ ಕಪ್ಪು ಮತ್ತು ಕೆಂಪು ತಂತಿಗಳ ನಡುವೆ ಅಳೆಯಬೇಕು. 4.3ರಿಂದ 5 ವೋಲ್ಟು ಸಿಗಬೇಕು.

ಸಿಗಲಿಲ್ಲವೆಂದು ಇಟ್ಟುಕೊಳ್ಳೋಣ. ಅವಸರದವರು ಕಂಟ್ರೋಲರ್ ಸತ್ತಿದೆಯೆಂದು ಬರೆದುಕೊಟ್ಟುಬಿಡುತ್ತಾರೆ. ವಿಚಾರ ಮಾಡುವವರು ಇನ್ನೆರಡು ಪ್ರಶ್ನೆ ಕೇಳುತ್ತಾರೆ. ಒಂದು: ಕೀಲಿಯಿಂದ ಕಂಟ್ರೋಲರಿಗೆ ಹೋಗುವ ತೆಳು ತಂತಿಯಲ್ಲಿ ಬ್ಯಾಟರಿಯ ವೋಲ್ಟೇಜು ಬರುತ್ತಿದೆಯೇ? ಅದು ಬರದಿದ್ದರೆ ಕಂಟ್ರೋಲರ್ ಎಚ್ಚರವೇ ಆಗಿಲ್ಲ. ಎರಡು: ಯಾರಾದರೂ ಈ 5 ವೋಲ್ಟನ್ನು ಕೆಳಗೆಳೆಯುತ್ತಿದ್ದಾರೆಯೇ? ಅದೇ 5 ವೋಲ್ಟು ಮೋಟಾರಿನೊಳಗಿನ ಸಂವೇದಕಗಳಿಗೂ ಹೋಗುತ್ತದೆ. ಒಂದೇ ಕೊಳಾಯಿಯಿಂದ ಎರಡು ಮನೆಗೆ ನೀರು ಹೋಗುವಾಗ ಒಂದು ಮನೆಯಲ್ಲಿ ಪೈಪು ಒಡೆದರೆ ಇನ್ನೊಂದು ಮನೆಗೂ ನೀರಿಲ್ಲ. ಕೀಲಿ ಆರಿಸಿ ಮೋಟಾರಿನ ತೆಳು ತಂತಿಗಳ ಕನೆಕ್ಟರನ್ನು ಕಳಚಿ, ಮತ್ತೆ ಕೀಲಿ ಹಾಕಿ ಅಳೆದಾಗ 5 ವೋಲ್ಟು ಮರಳಿ ಬಂದರೆ ದೋಷ ಮೋಟಾರಿನ ಕಡೆಗಿದೆ. ಥ್ರಾಟಲ್ ಕಳಚಿದಾಗ ಬಂದರೆ ದೋಷ ಥ್ರಾಟಲಿನದು. ಎರಡನ್ನೂ ಕಳಚಿದರೂ ಬರದಿದ್ದಾಗ ಮಾತ್ರ ಕಂಟ್ರೋಲರಿನ ಮೇಲೆ ಅನುಮಾನ ಪಡುವುದು ನ್ಯಾಯ.

5 ವೋಲ್ಟು ಸರಿಯಾಗಿದ್ದರೆ ಸಂದೇಶದ ತಂತಿಯನ್ನು ಅಳೆಯಬೇಕು. ಹಿಡಿಯನ್ನು ನಿಧಾನವಾಗಿ ತಿರುವಿದಂತೆ ಅಂಕೆಗಳು ಮೆಟ್ಟಿಲೇರಿದಂತೆ ಏರಬೇಕು, ಬಿಟ್ಟಾಗ ಇಳಿದು ಮೊದಲಿನ ಜಾಗಕ್ಕೆ ಬರಬೇಕು. ನಡುವೆ ನೆಗೆದರೆ ಕಾಂತ ಸಡಿಲವಾಗಿದೆ ಅಥವಾ ತಂತಿಯ ಎಳೆ ಒಳಗೇ ಮುರಿದಿದೆ. ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸುತ್ತಾ ಅಳೆದರೆ ಮುರಿದ ತಂತಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಹಿಡಿ ಬಿಟ್ಟಾಗಲೂ ಸಂದೇಶ 1.5 ವೋಲ್ಟಿನಷ್ಟಿದ್ದರೆ ಕೆಲವು ಕಂಟ್ರೋಲರುಗಳು ಓಡಲು ನಿರಾಕರಿಸುತ್ತವೆ. ಕೀಲಿ ಹಾಕುವಾಗಲೇ ಥ್ರಾಟಲ್ ತಿರುವಿದ್ದರೆ ಬಂಡಿ ನೆಗೆಯದಿರಲೆಂದು ಮಾಡಿದ ವ್ಯವಸ್ಥೆ ಅದು. ಇದನ್ನು ಕೆಟ್ಟುಹೋಗಿದೆಯೆಂದು ತಿಳಿದು ಕಂಟ್ರೋಲರ್ ಬದಲಿಸಿದವರಿದ್ದಾರೆ.

ನಡುಗುವ ಮೋಟಾರು

ಕೆಲವೊಮ್ಮೆ ಸಂದೇಶ ತಲುಪುತ್ತದೆ, ಮೋಟಾರು ಗುರುಗುಟ್ಟುತ್ತಾ ನಡುಗುತ್ತದೆ, ಮುಂದೆ ಹೋಗುವುದಿಲ್ಲ. ಕಾರಣ ತಿಳಿಯಲು ಒಳಗೆ ಇಣುಕಬೇಕು. ಈ ಮೋಟಾರುಗಳಲ್ಲಿ ಹಳೆಯ ಡಿ.ಸಿ. ಮೋಟಾರಿನ ಬ್ರಷ್ಷುಗಳಿಲ್ಲ. ಸುತ್ತಲೂ ಕಾಂತಗಳು, ಒಳಗೆ ಮೂರು ಗುಂಪುಗಳ ತಾಮ್ರದ ಸುರುಳಿಗಳು. ಯಾವ ಗಳಿಗೆಯಲ್ಲಿ ಯಾವ ಸುರುಳಿಗೆ ವಿದ್ಯುತ್ತು ಕೊಡಬೇಕೆಂಬುದನ್ನು ಕಂಟ್ರೋಲರ್ ನಿರ್ಧರಿಸುತ್ತದೆ. ಅದರೊಳಗೆ ಮಾಸ್‌ಫೆಟ್ ಎಂಬ ಅರೆವಾಹಕ ಸ್ವಿಚ್ಚುಗಳು ಆರು ಸ್ಥಾನಗಳಲ್ಲಿರುತ್ತವೆ, ಪ್ರತಿ ಸುರುಳಿಗೆ ಎರಡರಂತೆ. ಸೆಕೆಂಡಿಗೆ ಸಾವಿರಾರು ಬಾರಿ ಇವು ತೆರೆದು ಮುಚ್ಚುತ್ತವೆ. ಮುಚ್ಚಿರುವ ಹೊತ್ತು ಹೆಚ್ಚಾದಷ್ಟೂ ಮೋಟಾರಿಗೆ ಸಿಗುವ ಸರಾಸರಿ ವೋಲ್ಟೇಜು ಹೆಚ್ಚು. ಥ್ರಾಟಲಿನ ಸಂದೇಶ ಬದಲಿಸುವುದು ಈ ಹೊತ್ತನ್ನೇ.

ಕಾಂತ ಈಗ ಎಲ್ಲಿದೆಯೆಂದು ತಿಳಿಯದೆ ಕಂಟ್ರೋಲರ್ ಈ ಕೆಲಸ ಮಾಡಲಾರದು. ಅದಕ್ಕಾಗಿ ಮೋಟಾರಿನೊಳಗೆ ಮತ್ತೆ ಮೂರು ಹಾಲ್ ಸಂವೇದಕಗಳಿವೆ. ಪ್ರತಿಯೊಂದೂ 'ಇದೆ' ಅಥವಾ 'ಇಲ್ಲ' ಎನ್ನುತ್ತದೆ. ಮೂರು ಸೇರಿ ಎಂಟು ಬಗೆಯ ಉತ್ತರಗಳು ಸಾಧ್ಯ. ಹೆಚ್ಚಿನ ಮೋಟಾರುಗಳಲ್ಲಿ ಮೂರೂ 'ಇದೆ' ಅಥವಾ ಮೂರೂ 'ಇಲ್ಲ' ಎನ್ನುವ ಸ್ಥಿತಿ ಬರಲಾರದು, ಉಳಿಯುವುದು ಆರು. 23 ಜೋಡಿ ಧ್ರುವಗಳಿರುವ ಹಬ್ ಮೋಟಾರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಈ ಆರರ ಮಗ್ಗಿ 23 ಸಲ ಮುಗಿಯುತ್ತದೆ. ಅಂದರೆ ಒಂದು ಸುತ್ತಿಗೆ 138 ಹೆಜ್ಜೆಗಳು.

ಪರೀಕ್ಷೆ ಸುಲಭ. ಕೀಲಿ ಹಾಕಿ, ಥ್ರಾಟಲ್ ಕಳಚಿಟ್ಟು, ಮೋಟಾರಿನಿಂದ ಬರುವ ಹಳದಿ, ಹಸಿರು, ನೀಲಿ ತೆಳು ತಂತಿಗಳನ್ನು ಒಂದೊಂದಾಗಿ ಅಳೆಯುತ್ತಾ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಒಳಗೆ ಗಿಯರ್ ಇರುವ ಹಬ್ ಮೋಟಾರಾದರೆ ಚಕ್ರವನ್ನು ಹಿಮ್ಮುಖವಾಗಿ ತಿರುಗಿಸಬೇಕು; ಮುಂದಕ್ಕೆ ತಿರುಗಿಸಿದರೆ ಒಳಗಿನ ಕಾಂತಗಳು ತಿರುಗುವುದೇ ಇಲ್ಲ. ಪ್ರತಿ ತಂತಿಯ ವೋಲ್ಟೇಜೂ ಸೊನ್ನೆಯ ಹತ್ತಿರ, ಮೇಲೆ, ಮತ್ತೆ ಸೊನ್ನೆಯ ಹತ್ತಿರ ಎಂದು ಬದಲಾಗುತ್ತಿರಬೇಕು. ಯಾವುದು ಬದಲಾಗದೆ ಕೂತಿದೆಯೋ ಆ ಸಂವೇದಕ ಅಥವಾ ಅದರ ತಂತಿ ಕೆಟ್ಟಿದೆ.

ಮೂರೂ ಸರಿಯಿದ್ದು ಮೋಟಾರು ನಡುಗಿದರೆ ದಪ್ಪ ತಂತಿಗಳ ಕಡೆ ನೋಡಬೇಕು. ಮೂರರಲ್ಲಿ ಒಂದು ಸಡಿಲವಾಗಿದ್ದರೂ ಮೋಟಾರು ಕುಂಟುತ್ತದೆ. ಇನ್ನೊಂದು ಕಾರಣವಿದೆ, ಹೊಸ ಕಂಟ್ರೋಲರ್ ಹಾಕಿದವರು ಇದನ್ನು ನೆನಪಿಡಬೇಕು. ಮೋಟಾರು ಒಬ್ಬರದು, ಕಂಟ್ರೋಲರ್ ಇನ್ನೊಬ್ಬರದು ಆದಾಗ ಬಣ್ಣಕ್ಕೆ ಬಣ್ಣ ಸೇರಿಸಿದರೂ ಕ್ರಮ ತಪ್ಪಿರಬಹುದು. ಕ್ರಮ ತಪ್ಪಿದ ಮೋಟಾರು ನಡುಗುತ್ತದೆ, ಹಿಂದಕ್ಕೆ ತಿರುಗುತ್ತದೆ, ಅಥವಾ ವಿಪರೀತ ಪ್ರವಾಹ ಎಳೆದು ಬಿಸಿಯಾಗುತ್ತದೆ.

ಚಕ್ರವೇ ಹೇಳುವ ಸಾಕ್ಷಿ

ಮೀಟರಿಲ್ಲದೆಯೂ ಮಾಡಬಹುದಾದ ಪರೀಕ್ಷೆಯೊಂದಿದೆ. ಗಿಯರಿಲ್ಲದ ಹಬ್ ಮೋಟಾರಿನ ಚಕ್ರವನ್ನು ಕೀಲಿ ಆರಿಸಿ ಕೈಯಿಂದ ತಿರುಗಿಸಿದಾಗ ಅದು ತಡೆದು ತಡೆದು, ಯಾರೋ ಹಿಡಿದೆಳೆದಂತೆ ತಿರುಗಿದರೆ ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಇಡಬೇಕು. ಈಗ ಚಕ್ರ ಹಗುರಾಗಿ ತಿರುಗಿತೇ? ಹಾಗಾದರೆ ಮೋಟಾರು ನಿರಪರಾಧಿ. ಕಂಟ್ರೋಲರಿನೊಳಗೆ ಮಾಸ್‌ಫೆಟ್ ಸುಟ್ಟು ಶಾರ್ಟ್ ಆಗಿದೆ. ಬಿಡಿಸಿದ ಮೇಲೂ ತಡೆಯುತ್ತಿದ್ದರೆ ಸುರುಳಿಯೇ ಸುಟ್ಟಿರಬಹುದು, ಅಥವಾ ಮೋಟಾರಿನೊಳಗೆ ತಂತಿಗಳು ಒಂದಕ್ಕೊಂದು ತಗುಲಿರಬಹುದು.

ಈ ತಡೆಯ ಕಾರಣವನ್ನು 1834ರಲ್ಲಿ ಲೆನ್ಜ್ ಹೇಳಿದ್ದ. ಚಕ್ರ ತಿರುಗಿದಾಗ ಮೋಟಾರು ಡೈನಮೋ ಆಗುತ್ತದೆ. ತಂತಿಗಳ ತುದಿ ಕೂಡಿದ್ದರೆ ಪ್ರವಾಹ ಹರಿಯುತ್ತದೆ. ಆ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಕಂಟ್ರೋಲರಿನಿಂದ ಬಿಡಿಸಿದ ಒಳ್ಳೆಯ ಮೋಟಾರಿನ ಎರಡು ದಪ್ಪ ತಂತಿಗಳನ್ನು ಬೇಕೆಂದೇ ಕೂಡಿಸಿ ಚಕ್ರ ತಿರುಗಿಸಿ ನೋಡಿದ ವಿದ್ಯಾರ್ಥಿ ಲೆನ್ಜನ ನಿಯಮವನ್ನು ಜನ್ಮದಲ್ಲಿ ಮರೆಯಲಾರ.

ಸಂದೇಹ ಬಗೆಹರಿಸಲು ಮೀಟರೂ ನೆರವಾಗುತ್ತದೆ. ಬ್ಯಾಟರಿ ಕಳಚಿ, ಕೆಪ್ಯಾಸಿಟರುಗಳು ಬರಿದಾದ ಮೇಲೆ, ಕಂಟ್ರೋಲರಿನ ಬ್ಯಾಟರಿ ತಂತಿಗೂ ಮೂರು ದಪ್ಪ ತಂತಿಗಳಿಗೂ ನಡುವಿನ ರೋಧವನ್ನು ಅಳೆಯಬೇಕು. ಮೊದಲು ಕಪ್ಪಿನಿಂದ, ಆಮೇಲೆ ಕೆಂಪಿನಿಂದ. ಮೂರೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು ಮಾತ್ರ ಸೊನ್ನೆಯ ಬಳಿ ಬಂದರೆ ಸುಟ್ಟ ಮಾಸ್‌ಫೆಟ್ ಯಾವ ಬದಿಯಲ್ಲಿದೆಯೆಂದೂ ಗೊತ್ತಾಗುತ್ತದೆ.

ಓಡದಿರುವುದಕ್ಕಿಂತ ನಿಲ್ಲದಿರುವುದು ಘೋರ

ಬಂಡಿ ಓಡದಿದ್ದರೆ ತಳ್ಳಿಕೊಂಡು ಮನೆಗೆ ಬರಬಹುದು. ತಾನಾಗಿ ಓಡತೊಡಗಿದರೆ? ಥ್ರಾಟಲಿನ ಕೆಂಪು ತಂತಿಯೂ ಸಂದೇಶದ ತಂತಿಯೂ ನೀರಿನಿಂದಲೋ ಉಜ್ಜಿದ ಹೊದಿಕೆಯಿಂದಲೋ ಒಂದಕ್ಕೊಂದು ತಗುಲಿದರೆ ಸಂದೇಶ 5 ವೋಲ್ಟಿಗೆ ಏರುತ್ತದೆ. ಥ್ರಾಟಲಿನ ಕಪ್ಪು ತಂತಿ ತುಂಡಾದರೂ ಸಂದೇಶ ಮೇಲಕ್ಕೆ ನೆಗೆಯಬಹುದು. ಒಳ್ಳೆಯ ಕಂಟ್ರೋಲರ್ ಇದನ್ನು ದೋಷವೆಂದು ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ. ಅಗ್ಗದ ಕೆಲವು 'ಪೂರ್ಣ ವೇಗ' ಎಂದೇ ಓದಿಕೊಳ್ಳುತ್ತವೆ. ಆ ಕ್ಷಣದಲ್ಲಿ ಸವಾರನನ್ನು ಕಾಯುವುದು ಬ್ರೇಕಿನ ಸ್ವಿಚ್ಚು. ಬ್ರೇಕ್ ಹಿಡಿದೊಡನೆ ಅದು ಮೋಟಾರನ್ನು ನಿಲ್ಲಿಸುತ್ತದೆ. ರಿಪೇರಿಯ ಹೆಸರಿನಲ್ಲಿ ಅದನ್ನು ಕಳಚಿಟ್ಟವನು ತನ್ನ ಕೊನೆಯ ಕಾವಲುಗಾರನನ್ನು ಮನೆಗೆ ಕಳಿಸಿದಂತಾಯಿತು.

ಇದೇ ಕಾರಣಕ್ಕೆ ಕಾರುಗಳ ವಿದ್ಯುನ್ಮಾನ ಆಕ್ಸಿಲರೇಟರ್ ಪೆಡಲಿನಲ್ಲಿ ಎರಡು ಸಂವೇದಕಗಳಿರುತ್ತವೆ. ಎರಡರ ಮಾತೂ ತಾಳೆಯಾಗದಿದ್ದರೆ ಗಣಕ ಶಕ್ತಿಯನ್ನು ಇಳಿಸುತ್ತದೆ. ಈ ವಿಷಯ ಜಗತ್ತಿನ ಗಮನ ಸೆಳೆದದ್ದು 2009-10ರಲ್ಲಿ. ಟೊಯೊಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತವೆಂಬ ದೂರುಗಳು ಅಮೆರಿಕದಲ್ಲಿ ಎದ್ದವು. ವಿದ್ಯುನ್ಮಾನ ವ್ಯವಸ್ಥೆಯೇ ಕಾರಣವೆಂದು ಹಲವರು ನಂಬಿದರು. ಸರ್ಕಾರ ನಾಸಾದ ಎಂಜಿನಿಯರುಗಳ ನೆರವು ಕೇಳಿತು. ಸುಮಾರು 10 ತಿಂಗಳ ತನಿಖೆಯ ಬಳಿಕ 2011ರ ಫೆಬ್ರುವರಿಯಲ್ಲಿ ವರದಿ ಬಂತು. ಅಪಾಯಕರ ವೇಗಕ್ಕೆ ಕಾರಣವಾಗಬಲ್ಲ ವಿದ್ಯುನ್ಮಾನ ದೋಷ ಅವರಿಗೆ ಸಿಗಲಿಲ್ಲ. ಅದಕ್ಕೆ ಮೊದಲೇ ಗುರುತಿಸಿದ್ದ ಎರಡು ಯಾಂತ್ರಿಕ ಕಾರಣಗಳು ಉಳಿದವು: ಪೆಡಲನ್ನು ಸಿಕ್ಕಿಸಿಕೊಳ್ಳುವ ನೆಲಹಾಸು ಮತ್ತು ಒತ್ತಿದಲ್ಲೇ ಅಂಟಿಕೊಳ್ಳುವ ಪೆಡಲು. ಕೆಟ್ಟ ಪೆಡಲೊಂದರೊಳಗೆ ತವರದ ಕೂದಲೆಳೆ ಬೆಳೆದು ಎರಡು ಸಂವೇದಕಗಳ ನಡುವೆ ಸೇತುವೆ ಕಟ್ಟಿದ್ದೂ ಕಂಡುಬಂತು. ತಂತ್ರಾಂಶದ ಬಗೆಗಿನ ವಾದ ನ್ಯಾಯಾಲಯಗಳಲ್ಲಿ ಆಮೇಲೂ ಮುಂದುವರಿಯಿತು. ಆದರೆ ಇಷ್ಟು ದೊಡ್ಡ ಪ್ರಕರಣದಲ್ಲೂ ನೆಲಹಾಸಿನಂಥ ಸರಳ ಕಾರಣವನ್ನು ಕಡೆಗಣಿಸಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟೆಲ್ಲ ಪರೀಕ್ಷೆಗಳ ಹಿಂದಿರುವ ಸೂತ್ರಗಳು ಕೆಲವೇ. ಮೊದಲನೆಯದು, ಸರಪಳಿಯನ್ನು ನಡುವೆ ಮುರಿದು ನೋಡುವುದು. ಬ್ಯಾಟರಿಯಿಂದ ಚಕ್ರದವರೆಗೆ ಎಂಟು ಕೊಂಡಿಗಳಿದ್ದು ಒಂದು ಮಾತ್ರ ಕೆಟ್ಟಿದೆಯೆನ್ನಿ. ತುದಿಯಿಂದ ಒಂದೊಂದಾಗಿ ನೋಡುತ್ತಾ ಹೋದರೆ ಏಳು ಪರೀಕ್ಷೆ ಬೇಕಾಗಬಹುದು. ನಡುವೆ ಅಳೆದು, ದೋಷ ಯಾವ ಅರ್ಧದಲ್ಲಿದೆಯೆಂದು ತಿಳಿದು, ಆ ಅರ್ಧವನ್ನು ಮತ್ತೆ ಅರ್ಧ ಮಾಡಿದರೆ ಮೂರೇ ಪರೀಕ್ಷೆಗಳಲ್ಲಿ ಕೆಲಸ ಮುಗಿಯುತ್ತದೆ. ಥ್ರಾಟಲಿನ 5 ವೋಲ್ಟು ಅಳೆಯುವುದು ಇಂಥ ನಡುವಿನ ಜಾಗ: ಅದು ಸರಿಯಿದ್ದರೆ ಬ್ಯಾಟರಿ, ಫ್ಯೂಸು, ಕೀಲಿ ಮೂರಕ್ಕೂ ಒಂದೇ ಏಟಿಗೆ ಹಾಜರಿ ಕರೆದಂತೆ. ಹೊರೆಯಲ್ಲಿ ಬ್ಯಾಟರಿ ಕುಸಿಯುತ್ತದೆಯೇ ಎಂಬುದನ್ನು ಮಾತ್ರ ಬೇರೆಯಾಗಿಯೇ ನೋಡಬೇಕು.

ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಥ್ರಾಟಲ್, ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಬದಲಿಸಿ ಬಂಡಿ ಓಡಿದರೆ ಕೆಟ್ಟಿದ್ದು ಯಾವುದೆಂದು ಎಂದಿಗೂ ತಿಳಿಯದು. ಮೂರನೆಯದು, ಬರೆದಿಡುವುದು. ಬಂಡಿ ಚೆನ್ನಾಗಿ ಓಡುತ್ತಿರುವಾಗಲೇ ಥ್ರಾಟಲಿನ ವೋಲ್ಟೇಜುಗಳು, ಬ್ಯಾಟರಿಯ ವೋಲ್ಟೇಜು, ತಂತಿಗಳ ಬಣ್ಣ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತಿಸಿಟ್ಟರೆ ಕೆಟ್ಟ ದಿನ ಹೋಲಿಸಿ ನೋಡಲು ಆಧಾರವಿರುತ್ತದೆ. ಆರೋಗ್ಯವಂತನ ನಾಡಿ ಗೊತ್ತಿದ್ದ ವೈದ್ಯನಿಗೇ ರೋಗಿಯ ನಾಡಿ ತಿಳಿಯುವುದು.

ತಂದೆತಾಯಿಯರಿಗೆ ಎರಡು ಮಾತು

ಕರ್ನಾಟಕಕ್ಕೂ ವಿದ್ಯುತ್ ವಾಹನಕ್ಕೂ ನಂಟು ಹಳೆಯದು. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲೇ ರಸ್ತೆಗಿಳಿಯಿತು. ಇಂದು ವಿದ್ಯುತ್ ಸ್ಕೂಟರುಗಳಿಲ್ಲದ ಬೀದಿ ರಾಜ್ಯದಲ್ಲಿ ವಿರಳ. ಇವನ್ನೆಲ್ಲ ರಿಪೇರಿ ಮಾಡಬಲ್ಲವರು ಬೇಕು. ಭಾಗ ಬದಲಿಸುವುದು ಯಾರಿಗೂ ಬರುತ್ತದೆ. ಯಾವ ಭಾಗ ಬದಲಿಸಬೇಕಾಗಿಲ್ಲ ಎಂದು ಹೇಳಬಲ್ಲವನಿಗೆ ಬೆಲೆ ಹೆಚ್ಚು. ಮಗನೋ ಮಗಳೋ ಸೈಕಲ್ಲನ್ನು ಬಿಚ್ಚಿ ಹರಡಿಕೊಂಡು ಮೀಟರು ಹಿಡಿದು ಕೂತರೆ ಬೈದೆಬ್ಬಿಸುವ ಮೊದಲು ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು.

ಎಲ್ಲೆಗಳೂ ಇರಲಿ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು. ಉಬ್ಬಿದ, ಪೆಟ್ಟುಬಿದ್ದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಕಾನೂನನ್ನೂ ತಿಳಿದಿರಬೇಕು. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ, ಪರೀಕ್ಷೆಯಾಗಿ ಅನುಮೋದನೆ ಪಡೆದ ವಿದ್ಯುತ್ ದ್ವಿಚಕ್ರಗಳಿಗೆ ಮಾತ್ರ ನೋಂದಣಿಯಿಂದ ವಿನಾಯಿತಿ. ಕಂಟ್ರೋಲರ್ ಬದಲಿಸಿ ವೇಗ ಹೆಚ್ಚಿಸಿಕೊಂಡ ಬಂಡಿ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನ. ಅಪ್ರಾಪ್ತ ವಯಸ್ಕರು ಅಂಥದ್ದನ್ನು ರಸ್ತೆಯಲ್ಲಿ ಓಡಿಸಿ ತಪ್ಪು ಮಾಡಿದರೆ ಪೋಷಕರೂ ವಾಹನದ ಒಡೆಯರೂ ಹೊಣೆಯಾಗುತ್ತಾರೆಂದು 2019ರ ತಿದ್ದುಪಡಿ ಹೇಳುತ್ತದೆ.

ರಿಪೇರಿ ಮುಗಿದ ಮೇಲೆ ಕಳಚಿದ ಪ್ರತಿಯೊಂದು ಕನೆಕ್ಟರೂ ತನ್ನ ಜಾಗಕ್ಕೆ ಮರಳಬೇಕು. ಚಕ್ರ ಮೇಲೆತ್ತಿದ್ದಂತೆಯೇ ಥ್ರಾಟಲ್ ತಿರುವಿ, ಬ್ರೇಕ್ ಹಿಡಿದು, ಮೋಟಾರು ತಟ್ಟನೆ ಶಕ್ತಿ ಬಿಡುತ್ತದೆಯೇ ಎಂದು ನೋಡಬೇಕು. ಥ್ರಾಟಲ್ ಬಿಟ್ಟೊಡನೆ ಚಕ್ರ ನಿಧಾನವಾಗುತ್ತದೆಯೇ ಎಂದು ನೋಡಬೇಕು. ಈ ಎರಡು ಪರೀಕ್ಷೆಗಳಲ್ಲಿ ಗೆದ್ದ ಮೇಲೆಯೇ ಬಂಡಿಯನ್ನು ಸ್ಟ್ಯಾಂಡಿನಿಂದ ಇಳಿಸಬೇಕು.